ದಾರಿ ತಪ್ಪಿದವರಿಗೆ ಕಿನುಯೊ ಬರೆದ ಪುಟ

ಕುರಾಯೋಷಿಯ ಕಾಲುವೆ ಬದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೆಳಗಿನ ತೋಫು ಅಂಗಡಿಯಲ್ಲಿ ಸೋಯಾ ಹಾಲು ಕುದಿಯುವ ವಾಸನೆ ಮೆಟ್ಟಿಲು ಹತ್ತಿ ಬರುತ್ತಿದೆ. ಮೇಲಿನ ಕೋಣೆಯಲ್ಲಿ ಸುಗಿಹರಾ ಕಿನುಯೊ ಕಂಪ್ಯೂಟರ್ ಮುಂದೆ ಕೂತು ಬೇಕೆಂದೇ ತಪ್ಪು ಮಾಡುತ್ತಿದ್ದಾರೆ. ಒಂದು ಅಂಗಡಿಯ ವೆಬ್‌ಸೈಟ್ ವಿಳಾಸ ಬರೆದು, ಅದರ ಕೊನೆಗೆ ಮನಸ್ಸಿಗೆ ಬಂದ ನಾಲ್ಕು ಅಕ್ಷರ ಸೇರಿಸುತ್ತಾರೆ. ಅಂಥ ಪುಟ ಇಲ್ಲ ಎಂಬ ಉತ್ತರ ಬಂದ ಮೇಲೆ ಸಮಾಧಾನದಿಂದ ತಲೆಯಾಡಿಸಿ ಮುಂದಿನ ಅಂಗಡಿಗೆ ಹೋಗುತ್ತಾರೆ.

ನನಗೆ ತಲೆಬುಡ ಅರ್ಥವಾಗುವುದಿಲ್ಲ. ವರ್ಷಗಟ್ಟಲೆ ಈ ಅಂಗಡಿಯಲ್ಲಿ ತೋಫು ಕೊಂಡಿದ್ದೇನೆ, ಮಹಡಿಯ ಮೇಲಿನವರ ಕೆಲಸವೇನೆಂದು ಕೇಳಿದವನಲ್ಲ. ಈಗ ಕೇಳಿ, ಎರಡೆರಡು ಸಲ ಹೇಳಿಸಿಕೊಂಡೂ ಪಿಳಿಪಿಳಿ ನೋಡುತ್ತಿದ್ದೇನೆ.

“ದಾರಿ ತಪ್ಪಿದವರು ಬಂದು ನಿಲ್ಲೋ ಪುಟ ಇದೆಯಲ್ಲ, ಅದನ್ನ ನೋಡ್ಕೋತೀನಿ,” ಎನ್ನುತ್ತಾರೆ ಕಿನುಯೊ. “ಯಾರ ಕಣ್ಣಿಗೂ ಬೀಳಬಾರದ ಪುಟ ಅದು. ಆದ್ರೂ ದಿನಾ ಯಾರೋ ಒಬ್ರು ಅಲ್ಲಿಗೇ ಬಂದು ಬೀಳ್ತಾರೆ.”

ಊರಿನ ಮೂವತ್ತಕ್ಕೂ ಹೆಚ್ಚು ಅಂಗಡಿ, ಛತ್ರ, ಮಂಟಪಗಳ ವೆಬ್‌ಸೈಟುಗಳನ್ನು ಇವರು ಒಂದೇ ಸರ್ವರಿನಲ್ಲಿ ಇಟ್ಟು ಸಾಕುತ್ತಿದ್ದಾರೆ. ಹೊಸ ಊಟದ ಪಟ್ಟಿ ಹಾಕುವುದು, ರಜೆಯ ದಿನ ತಿಳಿಸುವುದು ಎಲ್ಲವೂ ಇವರದೇ ಪಾಲು. ಆದರೆ ‘ಪುಟ ಸಿಗಲಿಲ್ಲ’ ಎನ್ನುವ ಪುಟವನ್ನು ಅಷ್ಟು ಜನರಿಗೂ ಬೇರೆಬೇರೆ ಬರೆಯುತ್ತ ಕೂರುವುದು ಯಾರಿಂದ ಸಾಧ್ಯ? ಒಂದನ್ನೇ ಬರೆದು ಒಂದು ಕಡೆ ಇಟ್ಟಿದ್ದಾರೆ. ಯಾವ ಅಂಗಡಿಯಲ್ಲಿ ದಾರಿ ತಪ್ಪಿದರೂ ಅದೇ ಪುಟ ಬರುತ್ತದೆ, ಮೇಲೆ ಮಾತ್ರ ಆ ಅಂಗಡಿಯ ಹೆಸರು ತಾನಾಗಿ ಕೂರುತ್ತದೆ. ಬಾವಿ ಒಂದೇ, ಹಗ್ಗ ಮೂವತ್ತು ಎಂದು ನಾನು ನನಗೆ ಹೇಳಿಕೊಂಡೆ. ಆಮೇಲೆ ಸ್ವಲ್ಪ ತಲೆಗೆ ಹತ್ತಿತು.

ಕಿನುಯೊ ಮೊದಲು ಅಚ್ಚುಮನೆಯಲ್ಲಿದ್ದವರು. ಮದುವೆಯ ಕರೆಯೋಲೆ, ಸಾವಿನ ಸುದ್ದಿಯ ಕಾರ್ಡು, ಎರಡಕ್ಕೂ ಅಕ್ಷರ ಜೋಡಿಸಿದ ಕೈ ಅದು. ಅಚ್ಚುಮನೆ ಮುಚ್ಚಿದಾಗ ನಡುವಯಸ್ಸಿನಲ್ಲಿ ಈ ವಿದ್ಯೆ ಕಲಿತರು. ಹೆಂಗಸು, ಅದರಲ್ಲೂ ಹೊಸಬಳು ಎಂದು ಯಾರೂ ಕೆಲಸ ಕೊಡದಿದ್ದಾಗ ಮೊದಲು ನಂಬಿದವರು ಅಂತ್ಯಸಂಸ್ಕಾರದ ಮನೆ ನಡೆಸುವ ಮೈತಾ. ಆ ಋಣವನ್ನು ಕಿನುಯೊ ಮಾತುಮಾತಿಗೂ ನೆನೆಯುತ್ತಾರೆ.

ಅದೇ ಮೈತಾ ಈ ವಸಂತದಲ್ಲಿ ಒಂದು ಪೊಟ್ಟಣ ಸಿಹಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಚಹಾ ಕುಡಿದರು. ಹವೆಯ ಮಾತಾಯಿತು. ಹೊರಡುವಾಗ ಬಾಗಿಲಲ್ಲಿ ನಿಂತು, ಮರ್ಯಾದೆಯ ‘ಸಾನ್’ ಸೇರಿಸಿ, “ಸುಗಿಹರಾ ಸಾನ್, ಆ ಪುಟ... ಅದು ಸ್ವಲ್ಪ...” ಎಂದರು. ಅಷ್ಟೇ. ತಲೆಬಾಗಿ ಇಳಿದು ಹೋದರು.

ನಮ್ಮೂರಲ್ಲಿ ಯಾರಾದರೂ ‘ಸ್ವಲ್ಪ’ ಎಂದು ಮಾತು ನಿಲ್ಲಿಸಿದರೆ ವಿಷಯ ಸ್ವಲ್ಪದ್ದಲ್ಲ. ಅದು ಕಿನುಯೊಗೂ ಗೊತ್ತು. ಆದರೆ ಏನು ಸ್ವಲ್ಪ? ಕೇಳುವಂತಿಲ್ಲ, ಬಿಡುವಂತಿಲ್ಲ. ಪುಟದ ಬಣ್ಣ ತಿಳಿ ಬೂದಿಗೆ ಬದಲಿಸಿದರು. ಬೆಕ್ಕಿನ ಚಿತ್ರ ಇತ್ತು, ತೆಗೆದರು. ಅಕ್ಷರ ದೊಡ್ಡದು ಮಾಡಿದರು. ಅಷ್ಟರಲ್ಲಿ ಮದುವೆ ಮಂಟಪದವರ ಫೋನು: “ತುಂಬ ಚೆನ್ನಾಗಿದೆ ಪುಟ. ಆದ್ರೆ ಅದು ಸ್ವಲ್ಪ...”

“ಬೆಕ್ಕು ಬೇಡ್ವಾ, ಬೆಕ್ಕು ಬೇಕಾ ಅಂತ ಯೋಚಿಸಿ ಯೋಚಿಸಿ ತಲೆ ಚಿಟ್ಟು ಹಿಡೀತು,” ಎಂದು ಕಿನುಯೊ ಹಣೆ ಒತ್ತಿಕೊಳ್ಳುತ್ತಾರೆ. “ಮೈತಾ ಸಾನ್ ನನ್ನ ಬಿಟ್ಟು ಹೋದ್ರೆ ಅನ್ನೋದೇ ಯೋಚನೆ. ಯಾಕೆ ಅಂತಾನೂ ಗೊತ್ತಾಗದೆ ಕಳ್ಕೊಳ್ಳೋದಲ್ಲ.”

ಬಿಡಿಸಿ ಹೇಳಿದ್ದು ಕೆಳಗೆ ತೋಫು ಮಾರುವ ಅಕ್ಕ ಹತ್ಸುಯೊ. ಒದ್ದೆ ಕೈ ಒರೆಸಿಕೊಂಡು ಮೇಲೆ ಬಂದು, ಮೈತಾ ಮನೆಯ ಪುಟ ಓದಿ ಕಣ್ಣು ಬಿಟ್ಟರು.

“ಏನೇ ಇದು? ‘ದಯವಿಟ್ಟು ಮತ್ತೆ ಬನ್ನಿ’. ಹೆಣ ಸುಡೋರ ಮನೇಲಿ ಹೀಗಾ ಹೇಳೋದು?”

“ಅದು... ಬಿಸಿನೀರಿನ ಬುಗ್ಗೆ ಹತ್ರದ ಛತ್ರದ ಯಜಮಾನ್ತಿ ಹಾಕು ಅಂದಿದ್ರು ಅಕ್ಕಾ.”

“ಛತ್ರಕ್ಕೆ ಮತ್ತೆ ಬರ್ಲಿ. ಮದುವೆ ಮಂಟಪಕ್ಕೆ ಮತ್ತೆ ಬಂದ್ರೆ ಏನೇ ಅರ್ಥ? ಅಚ್ಚುಮನೇಲಿ ಅಷ್ಟು ವರ್ಷ ಕಡ್ಲೆಕಾಯಿ ತಿಂತಿದ್ದೆಯಾ?”

ನಡೆದದ್ದು ಇಷ್ಟು. ಎಲ್ಲರಿಗೂ ಒಂದೇ ಪುಟವೆಂಬುದನ್ನು ಆ ಹೊತ್ತಿಗೆ ಮರೆತು, ಛತ್ರದ್ದೊಂದನ್ನೇ ತಿದ್ದುತ್ತಿದ್ದೇನೆ ಎಂದುಕೊಂಡು ಕಿನುಯೊ ಎಲ್ಲರ ಪುಟವನ್ನೂ ತಿದ್ದಿದ್ದರು. ಆ ಮಾತು ಎಲ್ಲ ಕಡೆ ಬಂದದ್ದು ಆಮೇಲೆ ಕಂಡಿತ್ತು. ಮರ್ಯಾದೆಯ ಮಾತು ಯಾರಿಗೆ ಬೇಡ ಎಂದು ಬಿಟ್ಟಿದ್ದರು. ಮದುವೆಯ ಕಾಗದದಲ್ಲೂ ಸಾವಿನ ಕಾಗದದಲ್ಲೂ ‘ಮತ್ತೆ’ ಎಂಬ ಮಾತು ಬರಕೂಡದು. ಬಂದರೆ ಆ ಘಟನೆ ಮತ್ತೆ ಆಗುತ್ತದೆ ಎಂಬ ಅಂಜಿಕೆ. ಆ ಮಾತನ್ನು ಊರಿನವರ ಕಾರ್ಡುಗಳಿಂದ ಹೆಕ್ಕಿ ತೆಗೆದ ಕೈಯೇ ಇಲ್ಲಿ ಅದನ್ನು ಬರೆದಿತ್ತು. ದಿನಾ ಬೆಳಿಗ್ಗೆ ಎದುರಿಗೇ ಇದ್ದರೂ ಅವರು ನೋಡುತ್ತಿದ್ದದ್ದು ಅಂಗಡಿಯ ಹೆಸರನ್ನಷ್ಟೆ.

ಅಂದೇ ಮೈತಾ ಮನೆಗೆ ಹೋಗಿ ನೆಲಕ್ಕೆ ಹಣೆ ತಾಗುವಷ್ಟು ಬಾಗಿದರು. ಆಗ ಮೈತಾ ಬಾಯಿಬಿಟ್ಟರು. ತೀರಿಹೋದ ಗಂಡನ ನಲವತ್ತೊಂಬತ್ತನೆಯ ದಿನದ ಪೂಜೆಯ ಹೊತ್ತು ಹುಡುಕುತ್ತ ಒಬ್ಬ ಅಜ್ಜಿ ಆ ಪುಟಕ್ಕೆ ಬಂದು ಬಿದ್ದಿದ್ದರಂತೆ. “ಮೈತಾ ಸಾನ್, ಮುಂದಿನ ಸರದಿ ನಂದಾ?” ಎಂದು ಫೋನು ಮಾಡಿ ಕೇಳಿದರಂತೆ. ನಗುತ್ತಲೇ ಕೇಳಿದರಂತೆ. ಇದನ್ನು ಹೇಳುವಾಗ ಕಿನುಯೊ ನನ್ನ ಮುಖ ನೋಡುವುದಿಲ್ಲ.

ಛತ್ರಕ್ಕೆ ಈಗ ಅದರದೇ ಪುಟವಿದೆ, ಬೆಕ್ಕೂ ಅಲ್ಲಿಗೇ ಹೋಗಿದೆ. ಉಳಿದವರೆಲ್ಲರದೂ ಇವತ್ತಿಗೂ ಒಂದೇ. ಅದರ ಮಾತು ಕೂಡಿಸಲು ಕಿನುಯೊಗೆ ವಾರಗಳೇ ಹಿಡಿದವು. ಹೆಣ್ಣು ಗಂಡು ನೋಡುವವರಿಗೂ, ಹೆಣದ ಮುಂದೆ ಕೂತವರಿಗೂ, ತೋಫು ಬೇಕಾದವರಿಗೂ ಹೊಂದಬೇಕಲ್ಲ. ಕೊನೆಗೆ ಉಳಿದದ್ದು ಇಷ್ಟು: ‘ನೀವು ಹುಡುಕಿದ್ದು ಇಲ್ಲಿ ಸಿಗಲಿಲ್ಲ. ತಪ್ಪು ನಿಮ್ಮದಲ್ಲ. ಫೋನು ಮಾಡಿ, ನಾವಿದ್ದೇವೆ.’

“ಮೈತಾ ಸಾನ್ ನೋಡಿದ್ರಾ?” ಎಂದು ಕೇಳುತ್ತೇನೆ.

“ಮೊನ್ನೆ ಬಂದಿದ್ರು. ಇದೇ ಕುರ್ಚೀಲಿ ಕೂತು ಬೇಕಂತ್ಲೇ ತಪ್ಪು ವಿಳಾಸ ಒತ್ತಿ ಓದಿದ್ರು. ಚಹಾ ಕುಡಿದ್ರು. ಪೇರ್‌ ಹಣ್ಣಿನ ಬುಟ್ಟಿ ಇಟ್ಟು ಬಾಗಿಲ ತನಕ ಹೋಗಿ ನಿಂತ್ರು. ನಾನು ಉಸಿರು ಬಿಗಿಹಿಡಿದು ಕಾದೆ.”

ಕಿನುಯೊ ಮುಂದಿನ ಅಂಗಡಿಯ ತಪ್ಪು ವಿಳಾಸ ಒತ್ತುತ್ತಾರೆ.

“ಸ್ವಲ್ಪ ಅಂತಾನೂ ಅನ್ಲಿಲ್ಲ.”