ಪರಾತದೊಳಗಿನ ಹಡಗು

ನೀರಿನಲ್ಲಿ ಹಿತ್ತಾಳೆಯ ಪುಟ್ಟ ಬಟ್ಟಲು, ನಮ್ಮ ಮಾತಿನ ವಾಟಗ, ಮುಳುಗುವಾಗ ಬುಳಕ್ ಎಂದು ಒಂದು ಸಪ್ಪಳ ಬರುತ್ತದೆ. ಇಂದಿಗೂ ಅದು ಕಿವಿಗೆ ಬಿದ್ದರೆ ಆಲಮೇಲದ ನಮ್ಮ ಮನೆಯ ಪಡಸಾಲೆ, ಅಜ್ಜನ ನಶ್ಯದ ವಾಸನೆ, ಕಂಬಕ್ಕೆ ಒರಗಿ ಕುಳಿತ ದೊಡ್ಡವ್ವನ ಬಳೆಯಿಲ್ಲದ ಕೈ ಎಲ್ಲ ಒಟ್ಟಿಗೆ ಎದ್ದು ಬರುತ್ತವೆ. ಭೀಮಾ ಹೊಳೆ ಬಿಟ್ಟರೆ ನಾವು ಮಕ್ಕಳು ಬೇರೆ ನೀರು ಕಂಡವರಲ್ಲ. ಸಮುದ್ರವನ್ನು ನಮಗೆ ತೋರಿಸಿದವನು ಅಜ್ಜ, ಅದೂ ಹಿಟ್ಟು ನಾದುವ ಪರಾತದಲ್ಲಿ. ತುಂಬಿದ ನೀರಿನ ಮೇಲೆ ತೇಲುವ ವಾಟಗವೇ ಮುಂಬಯಿಯಿಂದ ಕೊಂಕಣಕ್ಕೆ ಹೊರಟ ಉಗಿಹಡಗು. ಅದರೊಳಗಿನ ಒಂದು ಹಿಡಿ ತೊಗರಿಕಾಳೇ ಜನ.

"ಅಜ್ಜಾ, ಹಡಗಕ್ಕ ಎಷ್ಟು ಎತ್ತು ಹೂಡ್ತಾರ?"

"ಮಂಗ್ಯಾ, ಅದನ್ನ ಹೊಗಿ ಎಳೀತೈತಿ."

ಮಳೆಗಾಲದ ಮೊದಲ ಗಾಳಿ, ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ದಂಡೆ, ಎದ್ದು ನಿಂತ ಒಂದು ತೆರೆ. ಹೆದರಿದ ಜನರೆಲ್ಲ ಒಂದೇ ಮಗ್ಗುಲಿಗೆ ಓಡಿದರು ಎನ್ನುತ್ತ ಅಜ್ಜ ಬೆರಳಿನಿಂದ ಕಾಳನ್ನೆಲ್ಲ ಒಂದು ಕಡೆ ಸರಿಸುತ್ತಿದ್ದ. ಬುಳಕ್! "ಅದರಾಗ ನಿಮ್ಮ ದೊಡ್ಡಪ್ಪನೂ ಇದ್ದ," ಎಂದು ಧೋತರದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ದೊಡ್ಡಪ್ಪ ಎಂದರೆ ಗಿರಣಿ ಕೆಲಸಕ್ಕೆ ಮುಂಬಯಿಗೆ ಹೋದ ಅಜ್ಜನ ಹಿರಿಮಗ, ದೊಡ್ಡವ್ವನ ಗಂಡ. ನಾವು ಹುಟ್ಟುವ ಮೊದಲೇ ಹೋದವನು. ಕಥೆ ಮುಗಿದ ಮೇಲೆ ದೊಡ್ಡವ್ವ ನೀರಿನಿಂದ ಕಾಳನ್ನು ಒಂದೊಂದಾಗಿ ಆರಿಸುತ್ತಿದ್ದಳು. ಅವನ್ನು ಬೇಯಿಸಲು ಬಿಡುತ್ತಿರಲಿಲ್ಲ. ಮಾಳಿಗೆ ಹತ್ತಿ ಹಕ್ಕಿಗಳಿಗೆ ಚೆಲ್ಲಿ ಬರುತ್ತಿದ್ದಳು.

ಎಪ್ಪತ್ತರ ದಶಕದ ಒಂದು ಬೇಸಿಗೆಯ ಮಧ್ಯಾಹ್ನ, ಸಿಂದಗಿ ಬಸ್ಸಿನಿಂದ ಇಳಿದ ನರೆಗೂದಲಿನವನೊಬ್ಬ ಮಗಳ ಮದುವೆಯ ಅಕ್ಷತೆ ಹಿಡಿದು ನಮ್ಮ ಬಾಗಿಲಿಗೆ ಬಂದ. "ಯಪ್ಪಾ," ಎಂದ. ಅಜ್ಜ ಬೆರಗಾಗಲಿಲ್ಲ, ಸಿಟ್ಟಾದ.

"ಈ ಕಡೆ ಹಾಯಬ್ಯಾಡ ಅಂತ ಆವಾಗ್ಲೇ ಹೇಳಿದ್ದಿಲ್ಲೇನೋ ನಿನಗ!"

ಅಷ್ಟು ಸಾಕಾಯಿತು, ಬಂದವನು ದೊಡ್ಡಪ್ಪನೇ. ಹಡಗು ಮುಳುಗಿದ್ದು ನಿಜ, ಜನ ಸತ್ತದ್ದೂ ನಿಜ. ದೊಡ್ಡಪ್ಪ ಮಾತ್ರ ಅದನ್ನು ಹತ್ತಿರಲೇ ಇಲ್ಲ. ಮುಂಬಯಿಯಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಮನೆತನದ ಹೆಸರು ಕೆಡಬಾರದೆಂದು ಅಜ್ಜನೇ ಅವನನ್ನು ಸತ್ತವರ ನಡುವೆ ಕೂರಿಸಿ, ಸೊಸೆಯ ಬಳೆ ಒಡೆಸಿದ್ದ.

ದೊಡ್ಡವ್ವ ಅಳಲಿಲ್ಲ. ಮನೆಗೆ ಬಂದ ಅತಿಥಿಗೆ ಕೊಡುವಂತೆ ತಂಬಿಗೆಯಲ್ಲಿ ನೀರು ತಂದಳು. "ಕುಡೀರಿ ಪಾವಣೇರ, ಬಿಸಲಾಗ ಬಂದೀರಿ." ಆಮೇಲೆ ಪರಾತ ತುಂಬಿ, ವಾಟಗಕ್ಕೆ ಕಾಳು ಹಾಕಿ ತೇಲಿಬಿಟ್ಟು ಅಜ್ಜನ ಮುಂದಿಟ್ಟಳು.

"ಮಾವಾರ, ಇಷ್ಟು ವರ್ಷ ನೀವು ಹೇಳೀರಿ, ನಾ ಕೇಳೇನಿ. ಇವರ ಎದರಿಗೆ ಒಮ್ಮಿ ಮುಳುಗಸ್ರಿ."

ಅಜ್ಜನ ಬೆರಳು ನೀರಿನ ತನಕ ಬಂದು ನಿಂತಿತು. ಬಂದವನು ಅಕ್ಷತೆಯನ್ನು ಕಟ್ಟೆಯ ಮೇಲಿಟ್ಟು ಬಸ್ಸಿನ ದಾರಿ ಹಿಡಿದ. ವಾಟಗ ಸಂಜೆಯವರೆಗೂ ತೇಲುತ್ತಲೇ ಇತ್ತು.

ಆ ಮನೆ ಈಗಿಲ್ಲ, ಅಜ್ಜ, ದೊಡ್ಡವ್ವ ಇಬ್ಬರೂ ಇಲ್ಲ. ಆ ಸಂಜೆ ದೊಡ್ಡವ್ವ ಮೊದಲ ಸಲ ಆ ಕಾಳನ್ನು ಒಲೆಯ ಮೇಲಿಟ್ಟು ಪಲ್ಯ ಮಾಡಿದಳು. ನಮಗೂ ಬಡಿಸಿದಳು, ಅಜ್ಜನಿಗೂ ಬಡಿಸಿದಳು. ಅದರ ರುಚಿ ನನಗೆ ನೆನಪಿಲ್ಲ. ತುತ್ತು ಮುಟ್ಟದೆ ಅಜ್ಜ ಊಟದ ಗಂಗಾಳದಲ್ಲೇ ಕೈ ತೊಳೆದ ನೀರಿನ ಸಪ್ಪಳ ನೆನಪಿದೆ.