ಅಕ್ಕಿಯಲ್ಲಿ ಬರೆದ ಹೆಸರು

ಅಲಖನೂರಿಗೆ ಬಂದು ಕೆಂಪವ್ವನ ಮನೆ ಯಾವುದೆಂದು ಕೇಳಿದರೆ ಯಾರೂ ತೋರಿಸುವುದಿಲ್ಲ. ಸೀಮಾ ಸಿಸ್ಟರ್ ಮನೆ ಎಂದು ಕೇಳಿ ನೋಡಿ, ಚಹಾದಂಗಡಿಯಿಂದ ಎದ್ದು ಬಂದು ಬಾಗಿಲ ತನಕ ಬಿಟ್ಟು ಹೋಗುತ್ತಾರೆ. ಇಬ್ಬರೂ ಒಬ್ಬಳೇ. ಇಷ್ಟು ಸಣ್ಣ ಸಂಗತಿ ನಮ್ಮೂರಿನ ಮಕ್ಕಳಿಗೂ ಗೊತ್ತು, ಗೊತ್ತಾಗಬೇಕಾದವರಿಗೆ ಮಾತ್ರ ಗೊತ್ತಾಗಲಿಲ್ಲ. ನಾನು ಅವರ ಗೋಡೆಗೆ ಗೋಡೆ ಹಚ್ಚಿದ ಮನೆಯವನು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾಗಿದ್ದೇನೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆಂದು ಹೆಂಡತಿ ಹೇಳುತ್ತಾಳೆ. ಈ ಕಥೆ ಹೇಳುವಾಗ ಅದು ಅಲ್ಲಿಂದ ಇಳಿಯದಿದ್ದರೆ ನೀವು ಸ್ವಲ್ಪ ಸಹಿಸಿಕೊಳ್ಳಬೇಕು.

ಅವಳ ಹುಟ್ಟುಹೆಸರು ಕೆಂಪವ್ವ. ತವರು ಪಾಲಬಾವಿ. ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೂ ಇಟ್ಟಿದ್ದರು. ಚಿಕ್ಕೋಡಿಯಲ್ಲಿ ನರ್ಸಿಂಗ್ ಡಿಪ್ಲೊಮಾ ಓದುವಾಗ ಹಾಜರಿ ಕೂಗಿದರೆ ಸಾಕು, ಜೊತೆಯ ಹುಡುಗಿಯರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರಂತೆ. ಆ ನಗೆಯ ನಡುವೆಯೇ ಅವಳು ಚೆನ್ನಾಗಿ ಪಾಸಾದಳು. ಡಿಪ್ಲೊಮಾದಲ್ಲಿ ಕೆಂಪವ್ವ, ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿಯಲ್ಲಿ ಕೆಂಪವ್ವ, ನಮ್ಮೂರ ಸರಕಾರಿ ಆಸ್ಪತ್ರೆಯ ಗುತ್ತಿಗೆ ನೌಕರಿಯ ಆದೇಶದಲ್ಲೂ ಕೆಂಪವ್ವ.

ಎರಡು ಸಾವಿರದ ಆರರಲ್ಲಿ ನಮ್ಮ ಪಕ್ಕದ ಮನೆಯ ಶಿವರಾಜನ ಜೊತೆ ಅವಳ ಮದುವೆಯಾಯಿತು. ಗಡಿಭಾಗದ ನಮ್ಮ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ರೂಢಿ ಇದೆ. ತಾಟಿನಲ್ಲಿ ಅಕ್ಕಿ ಹರವುತ್ತಾರೆ. ಮದುಮಗ ಅದರಲ್ಲಿ ಉಂಗುರದಿಂದ ಹೆಸರು ಬರೆಯುತ್ತಾನೆ. ಅಂದಿನಿಂದ ಹುಡುಗಿ ಆ ಹೆಸರಿನವಳು. ಯಾವ ಹೆಸರು ಬರೆಯಬೇಕೆಂದು ಶಿವರಾಜನನ್ನು ಯಾರೂ ಕೇಳಲಿಲ್ಲ. ಅವನ ತಾಯಿ ಕಸ್ತೂರೆವ್ವ ಮೊದಲೇ ಗೊತ್ತು ಮಾಡಿಬಿಟ್ಟಿದ್ದಳು. ಸೀಮಾ.

ಸೀಮಾ ಕಸ್ತೂರೆವ್ವನ ಮಗಳು. ಹಿಂದಿನ ವರ್ಷ ಕೃಷ್ಣೆಗೆ ಮಹಾಪೂರ ಬಂದಾಗ ಅಥಣಿ ಕಡೆಯ ತನ್ನ ಗಂಡನ ಊರಿನಲ್ಲಿ ಹೆರಿಗೆಯಾಗದೆ ತೀರಿಕೊಂಡಿದ್ದಳು. ಊರಿನ ಸುತ್ತ ನೀರು ನಿಂತು, ನರ್ಸಬಾಯಿ ಆಚೆ ದಂಡೆಯಲ್ಲೇ ಉಳಿದಿದ್ದಳು. ಅದಾದ ಮೇಲೆ ಕಸ್ತೂರೆವ್ವ ಮಗನಿಗೆ ಹೆಣ್ಣು ನೋಡುವಾಗ ಒಂದೇ ಹಟ ಹಿಡಿದಳು, ಹುಡುಗಿ ನರ್ಸ್ ಆಗಿರಬೇಕು. ಸತ್ತ ಮಗಳ ಹೆಸರು ಬೇಡವೆಂದು ಮದುವೆಮನೆಯಲ್ಲಿ ಒಬ್ಬಿಬ್ಬರು ಗೊಣಗಿದಾಗ ಅವಳು ಹೇಳಿದ ಮಾತು ನಾನೇ ಕೇಳಿದ್ದೇನೆ.

"ನನ್ನ ಮನಿಯಾಗ ಸೀಮಾ ಅಂತ ಕರದ್ರ 'ಓ' ಅನ್ನಾಕ ಒಬ್ಬಾಕಿ ಬೇಕರೀ. ಮತ್ತೇನೂ ಬ್ಯಾಡ ನನಗ."

ಆ ಅಕ್ಕಿಯನ್ನು ಅಂದೇ ಬೇಯಿಸಿ ಬಡಿಸಿದರು.

ಕೆಂಪವ್ವನಿಗೆ ಬೇಜಾರಾಗಿರಬೇಕೆಂದು ನಾನು ತಿಳಿದಿದ್ದೆ. ಎಲ್ಲಿಯ ಬೇಜಾರು! "ಕೆಂಪವ್ವ ಅಂದ್ರ ನಮ್ಮ ಆಯೀನ ಕರದಂಗ ಅನಸ್ತಿತ್ರಿ ಸರ. ಸೀಮಾ ಅಂದ್ರ ನನ್ನನ್ನ ಕರದಂಗ ಆಗತೈತಿ" ಎಂದು ನಕ್ಕಿದ್ದಳು. ರೇಷನ್ ಕಾರ್ಡು, ಮತದಾರರ ಗುರುತಿನ ಚೀಟಿ, ಎಲ್ಲ ಸೀಮಾ ಆದವು. ರೋಗಿಗಳ ಬಾಯಲ್ಲಿ ಸೀಮಾ ಸಿಸ್ಟರ್. ಅತ್ತೆ ಸೊಸೆ ಹೀಗೂ ಇರಬಹುದೇ ಎಂದು ಓಣಿಯವರಿಗೆ ಹೊಟ್ಟೆಯುರಿ.

ಕೆಲಸದಲ್ಲಿದ್ದ ನರ್ಸುಗಳು ಮನೆಯಲ್ಲೇ ಕೂತು ಓದಿ ಡಿಗ್ರಿ ಮಾಡಬಹುದಾದ ದೂರಶಿಕ್ಷಣದ ಕೋರ್ಸೊಂದಿದೆಯೆಂದು ಅವಳಿಗೆ ತಿಳಿದದ್ದು ಎರಡು ಸಾವಿರದ ಒಂಬತ್ತರಲ್ಲಿ. ಮೊದಲು ಪ್ರವೇಶ ಪರೀಕ್ಷೆ ದಾಟಬೇಕು. ಒಳಗೆ ಹೋದ ಮೇಲೆ, ಅನುಭವವಿದ್ದವರು ಕೆಲವು ವಿಷಯಗಳಿಗೆ ಪಾಠ ಕೇಳದೆ ನೇರವಾಗಿ ಚಾಲೆಂಜ್ ಪರೀಕ್ಷೆಗೆ ಕೂರಬಹುದೆಂದು ಯಾರೋ ಹೇಳಿದ್ದರು. ಗುತ್ತಿಗೆಯ ನೌಕರಿ ಪ್ರತಿ ಮಾರ್ಚಿನಲ್ಲಿ ಸತ್ತು ಏಪ್ರಿಲಿನಲ್ಲಿ ಹುಟ್ಟುತ್ತಿತ್ತು. ಡಿಗ್ರಿ ಇದ್ದರೆ ಕಾಯಂ ನೌಕರಿಗೆ ಅರ್ಜಿ ಹಾಕಬಹುದು, ನರ್ಸಿಂಗ್ ಸ್ಕೂಲಿನಲ್ಲಿ ಕಲಿಸಲೂಬಹುದು. ಅವಳಿಗೆ ಕಲಿಸುವ ಆಸೆ. ಅತ್ತೆಗೆ ಅದಕ್ಕಿಂತ ದೊಡ್ಡ ಆಸೆ, ಸೀಮಾ ಡಿಗ್ರಿ ಆಗಬೇಕು.

ಪರೀಕ್ಷೆ ಇಂಗ್ಲಿಷಿನಲ್ಲಿ. ಹಾಗಾಗಿ ನಾನು ಸಿಕ್ಕಿಬಿದ್ದೆ. ಡ್ಯೂಟಿ ಮುಗಿಸಿ, ರೊಟ್ಟಿ ಬಡಿದು, ಅವಳು ನಮ್ಮ ಪಡಸಾಲೆಗೆ ಬರುತ್ತಿದ್ದಳು. ರೋಗಿಯ ಮುಖ ನೋಡಿ ಏನಾಗಿದೆಯೆಂದು ಕನ್ನಡದಲ್ಲೂ ಮರಾಠಿಯಲ್ಲೂ ಪಟಪಟ ಹೇಳುವವಳು, ಅದೇ ರೋಗಿ ಇಂಗ್ಲಿಷ್ ಪ್ರಶ್ನೆಯಾಗಿ ಎದುರು ಬಂದರೆ ಬೆವರುತ್ತಿದ್ದಳು. ನಾಲ್ಕೂ ಉತ್ತರ ಸರಿ ಎನ್ನುವಂತೆ ಕಾಣುವ ಪ್ರಶ್ನೆಗಳು ನನಗೇ ತಲೆ ಕೆಡಿಸುತ್ತಿದ್ದವು. ನಾನು ಬೈಯುತ್ತಿದ್ದೆ, ಅವಳು ಕಣ್ಣೀರು ಒರೆಸಿಕೊಂಡು ಮತ್ತೆ ಓದುತ್ತಿದ್ದಳು.

ಮನೆಯಲ್ಲಿ ಪರೀಕ್ಷಕಿ ಕಸ್ತೂರೆವ್ವ. ಅಕ್ಷರ ಬಾರದ ಹೆಂಗಸು, ಮಡಿಲಲ್ಲಿ ಕಡಲೆಕಾಳಿನ ಮೊರ ಇಟ್ಟುಕೊಂಡು ಕೂರುತ್ತಿದ್ದಳು. ಸೊಸೆ ಓದಿದ್ದನ್ನು ಪುಸ್ತಕ ನೋಡದೆ ಒಪ್ಪಿಸಬೇಕು. ತಡವರಿಸದೆ ಹೇಳಿದರೆ ಒಂದು ಕಾಳು ಬಟ್ಟಲಿಗೆ, ತಡವರಿಸಿದರೆ ಕಾಳು ಅತ್ತೆಯ ಬಾಯಿಗೆ.

"ಅತ್ತಿ, ಅದು ಸರಿ ಉತ್ತರ ಇತ್ರಿ!"

"ಸರಿ ಇದ್ರ ಯಾಕ ನಿಂತಿ? ಗೊತ್ತಿದ್ದಾಕಿ ನಿಲ್ಲೂದಿಲ್ಲ. ಮುಂದಿಂದ ಹೇಳ."

ಮೊದಲ ವರ್ಷ ಅರ್ಜಿಯಲ್ಲಿ ಅವಳು ಡಿಪ್ಲೊಮಾದಲ್ಲಿದ್ದಂತೆ ಕೆಂಪವ್ವ ಎಂದು ಬರೆದಳು. ಬೆಳಗಾವಿಯ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದರು. ಫೋಟೊ ಇದ್ದ ಚೀಟಿ ಅವಳ ಹತ್ತಿರ ಒಂದೇ, ಅದರಲ್ಲಿ ಸೀಮಾ. ಬೇರೆಯವರ ಬದಲು ಪರೀಕ್ಷೆ ಬರೆಯಲು ಬಂದವಳೆಂದು ತಿಳಿದು ಪಕ್ಕಕ್ಕೆ ನಿಲ್ಲಿಸಿದರು. ಒಳಗೆ ಗಂಟೆ ಬಾರಿಸಿತು. ಸಂಜೆಯ ಬಸ್ಸಿನಿಂದಿಳಿದು ಅವಳು ಹಾಗೇ ಆಸ್ಪತ್ರೆಗೆ ಹೋಗಿ ಡ್ಯೂಟಿಗೆ ನಿಂತಳು.

ಮುಂದಿನ ವರ್ಷ ಅಂಥ ತಪ್ಪಾಗಬಾರದೆಂದು ಗುರುತಿನ ಚೀಟಿಯಲ್ಲಿದ್ದಂತೆ ಸೀಮಾ ಎಂದೇ ಬರೆದಳು. ಯಾರೇ ಆದರೂ ಹಾಗೇ ಮಾಡುತ್ತಿದ್ದರು. ಬಾಗಿಲು ತೆರೆಯಿತು, ಪರೀಕ್ಷೆ ಬರೆದಳು, ಪಾಸಾದಳು. ಬೆಂಗಳೂರಿಗೆ ಕೌನ್ಸೆಲಿಂಗಿಗೆ ಕರೆ ಬಂತು. ಅತ್ತೆ ಬಟ್ಟಲಿನ ಕಡಲೆಯನ್ನೆಲ್ಲ ನೆನೆಹಾಕಿ ಉಸಳಿ ಮಾಡಿ ಓಣಿಗೆ ಹಂಚಿದಳು. "ನಮ್ಮ ಸೀಮಾ ಪಾಸಾಗ್ಯಾಳ" ಎಂದು ಮನೆಮನೆಗೆ ಹೇಳಿ ಬಂದಳು. ನಾನೂ ಎರಡು ಸಲ ಹಾಕಿಸಿಕೊಂಡು ತಿಂದೆ, ಸುಳ್ಳೇಕೆ ಹೇಳಲಿ.

ಕಬ್ಬು ನುರಿಸುವ ಕಾಲ. ಶಿವರಾಜ ಟ್ರ್ಯಾಕ್ಟರ್ ಬಿಟ್ಟು ಬರುವಂತಿರಲಿಲ್ಲ. ನಾನೇ ಅವಳ ಜೊತೆ ರಾಯಬಾಗದಲ್ಲಿ ರೈಲು ಹತ್ತಿದೆ. ಬೆಂಗಳೂರಿನ ಮೇಜಿನ ಹಿಂದೆ ಒಬ್ಬ ಎಳೆ ಹುಡುಗ ಕೂತಿದ್ದ. ಅರ್ಜಿಯಲ್ಲಿ ಸೀಮಾ, ಡಿಪ್ಲೊಮಾದಲ್ಲಿ ಕೆಂಪವ್ವ. ಅವನು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದ.

"ಹೆಸರು ಬದಲಾಗಿದ್ದಕ್ಕೆ ದಾಖಲೆ ಇದೆಯಾ ಮೇಡಂ?"

"ಅಕ್ಕ್ಯಾಗ ಬರದಿದ್ರರೀ."

"ಎಲ್ಲಿ?"

"ಮದುವ್ಯಾಗ. ತಾಟಿನ್ಯಾಗ ಅಕ್ಕಿ ಹರವಿ ಬರದಿದ್ರರೀ."

ಹುಡುಗ ನಗಲಿಲ್ಲ. ಗಂಭೀರವಾಗಿಯೇ ಕೇಳಿದ. "ಅದರ ಫೋಟೊ ಏನಾದ್ರೂ?"

"ಇಲ್ರಿ. ಅಕ್ಕಿ ಅವತ್ತ ಉಂಡ್ವಿ."

ನಾನು ಕೂಗಾಡಿದೆ. ಇಡೀ ಊರನ್ನೇ ಕರೆತಂದು ಸಾಕ್ಷಿ ಹೇಳಿಸುತ್ತೇನೆಂದೆ. ಹುಡುಗ ನನಗೆ ನೀರು ಕೊಟ್ಟ. "ಸರ್, ನನಗೆ ಅರ್ಥ ಆಗುತ್ತೆ. ಆದರೆ ಎರಡೂ ಕಡೆ ಒಂದೇ ಹೆಸರಿಲ್ಲದೆ ಕಂಪ್ಯೂಟರ್ ತಗೊಳ್ಳಲ್ಲ. ಸರಿ ಮಾಡಿಸಿಕೊಂಡು ಮುಂದಿನ ವರ್ಷ ಬನ್ನಿ" ಎಂದ. ಸಿಟ್ಟು ತೀರಿಸಿಕೊಳ್ಳಲು ಅಲ್ಲಿ ಒಬ್ಬ ಕೆಟ್ಟವನಾದರೂ ಇರಬೇಕಿತ್ತು. ಇರಲಿಲ್ಲ. ರೈಲಿನಲ್ಲಿ ಅವಳು ಘಟಪ್ರಭಾ ದಾಟುವವರೆಗೂ ಕಿಟಕಿಗೆ ಹಣೆ ಹಚ್ಚಿಕೊಂಡು ಕೂತಿದ್ದಳು.

ರಾಯಬಾಗದ ವಕೀಲ ನೇಮಿನಾಥ ನನ್ನ ಹಳೆಯ ವಿದ್ಯಾರ್ಥಿ. ನಾನೂ ಅವಳೂ ಹೋಗಿ ಕೇಳಿದಾಗ ಅವನು ಎರಡು ದಾರಿ ಹೇಳಿದ. ಶಾಲೆಯಿಂದ ಹಿಡಿದು ಕೌನ್ಸಿಲ್ ತನಕ ಎಲ್ಲವನ್ನೂ ಸೀಮಾ ಮಾಡಿಸುವುದು ಒಂದು. ಅದು ಯಾವಾಗ ಮುಗಿದೀತೆಂದು ಅವನಿಗೂ ಗೊತ್ತಿಲ್ಲ. ಇನ್ನೊಂದು, ಸೀಮಾ ಎಂಬ ಹೆಸರನ್ನು ಬಿಟ್ಟಿದ್ದೇನೆಂದು ಪ್ರಮಾಣಪತ್ರ ಮಾಡಿಸಿ, ಪೇಪರಿನಲ್ಲಿ ಜಾಹೀರಾತು ಕೊಟ್ಟು, ಗುರುತಿನ ಚೀಟಿಯನ್ನು ತಿದ್ದಿಸುವುದು. "ಹೆಸರ ಇಟ್ಟ ಹಿರ್ಯಾರ ಒಂದ ಹೆಬ್ಬಟ್ಟ ಇದ್ರ ಗಟ್ಟಿ ಆಕ್ಕೈತ್ರಿ ಸರ" ಎಂದ.

ಆ ಹಿರಿಯಳು ಯಾರೆಂದು ನಮಗಿಬ್ಬರಿಗೂ ಗೊತ್ತಿತ್ತು.

ಅತ್ತೆಯ ಮುಂದೆ ಆ ಮಾತೆತ್ತಲು ಸೊಸೆಗೆ ತಿಂಗಳುಗಳೇ ಹಿಡಿದವು. ಕಡೆಗೊಂದು ಮಧ್ಯಾಹ್ನ ನನ್ನನ್ನೂ ಕರೆದು ಕೂರಿಸಿಕೊಂಡು ಅತ್ತೆಗೆ ಹೇಳಿದಳು. ಕಸ್ತೂರೆವ್ವ ಪೂರ್ತಿ ಕೇಳಿಸಿಕೊಂಡಳು.

"ಸೀಮಾ ಇಲ್ಲ ಅಂತ ನಾ ಹೆಬ್ಬಟ್ಟ ಒತ್ತಬೇಕೇನ?"

"ಇಲ್ಲ ಅಂತಲ್ರಿ ಅತ್ತಿ. ಆ ಹೆಸರ ಬಿಟ್ಟೀವಿ ಅಂತ."

"ಎರಡೂ ಒಂದ ಮಾತ."

"ಬ್ಯಾಡ ಬಿಡ್ರಿ ಹಂಗಾರ. ನನಗ ಡಿಗ್ರೀನ ಬ್ಯಾಡ."

ಮುದುಕಿ ಎದ್ದು ಒಳಗೆ ಹೋದಳು. ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಕಸ್ತೂರೆವ್ವ ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟು ನಮ್ಮ ಕಟ್ಟೆಯ ಮುಂದೆ ನಿಂತಿದ್ದಳು.

"ಏಳ್ರಿ ಮಾಸ್ತರ್ರ, ಬಸ್ಸಿಗೆ ಹೊತ್ತಾತು. ಹ್ವಾದಾಕಿ ಹೆಂಗೂ ಬರೂದಿಲ್ಲ. ಇದ್ದಾಕೀದರ ಛಲೋ ಆಗಲಿ."

ವಕೀಲರ ಮೇಜಿನ ಮೇಲೆ ಹೆಬ್ಬಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಸೊಸೆ ಅವಳ ಕಾಲು ಹಿಡಿಯಲು ಬಗ್ಗಿದಾಗ, ಬಸ್ಸು ತಪ್ಪುತ್ತದೆಂದು ಗದರಿಸಿದಳು.

ಜಾಹೀರಾತು ಬಂದ ದಿನ ಪೇಪರನ್ನು ನಾನೇ ಓದಿ ಹೇಳಿದೆ. ಇಲ್ಲಿಯವರೆಗೆ ಸೀಮಾ ಎಂದು ಕರೆಯಲ್ಪಡುತ್ತಿದ್ದ ನಾನು ಇನ್ನು ಮುಂದೆ ಕೆಂಪವ್ವ ಎಂದೇ, ಇತ್ಯಾದಿ. ಕಸ್ತೂರೆವ್ವ ಪೇಪರನ್ನು ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. "ಆಕಿ ಹ್ವಾದಾಗ ಪೇಪರಿನ್ಯಾಗ ಹಾಕ್ಸಿದ್ದಿಲ್ಲ ನೋಡ್ರಿ. ಈಗ ಆತು" ಎಂದಳು.

ಚೀಟಿ ತಿದ್ದಿ ಬಂತು. ಎಲ್ಲ ಕಡೆ ಕೆಂಪವ್ವ, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಅಷ್ಟರಲ್ಲಿ ಪರೀಕ್ಷೆಯ ಪ್ರಕಟಣೆಯ ಕಾಲ ಬಂತು, ಪ್ರಕಟಣೆ ಬರಲಿಲ್ಲ. ಬೆಂಗಳೂರಿನ ಆಫೀಸಿಗೆ ಫೋನು ಮಾಡಿದೆ. ನಮ್ಮ ಕಡೆಯ ಕೇಂದ್ರದಲ್ಲಿ ಆ ಕೋರ್ಸಿಗೆ ಈ ವರ್ಷ ಪ್ರವೇಶವಿಲ್ಲ, ಮುಂದಿನ ಸೂಚನೆಗೆ ಕಾಯಿರಿ ಎಂದರು. ಮರುವರ್ಷವೂ ಅದೇ ಮಾತು. ಅದರ ಮರುವರ್ಷ ಫೋನನ್ನು ಯಾರೂ ಎತ್ತಲಿಲ್ಲ. ಅವಳು ಪುಸ್ತಕಗಳನ್ನು ಹಳೆಯ ಸೀರೆಯಲ್ಲಿ ಕಟ್ಟಿ ಅಟ್ಟಕ್ಕೇರಿಸಿದಳು. ನೌಕರಿ ಮೊದಲಿನ ಹಾಗೆ ಮಾರ್ಚಿನಲ್ಲಿ ಮುಗಿದು ಏಪ್ರಿಲಿನಲ್ಲಿ ಶುರುವಾಗುತ್ತಿದೆ. ನಾನು ಬೈದು ಬೈದು ಸುಸ್ತಾದೆ. ಯಾರನ್ನು ಬೈದೆನೋ ನನಗೇ ತಿಳಿಯದು.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಆಸ್ಪತ್ರೆಯವರೂ ಓಣಿಯವರೂ ಇಂದಿಗೂ ಸೀಮಾ ಸಿಸ್ಟರ್ ಎಂದೇ ಕರೆಯುತ್ತಾರೆ. ಕರೆಯದವಳು ಕಸ್ತೂರೆವ್ವ ಒಬ್ಬಳೇ. ಹೆಬ್ಬಟ್ಟು ಒತ್ತಿದ ಮೇಲೆ ತಪ್ಪುವ ಹೆಂಗಸಲ್ಲ, ಹಾಗೆಂದು ಕೆಂಪವ್ವ ಎನ್ನಲೂ ಅವಳಿಗೆ ಬಾಯಿ ಬರುವುದಿಲ್ಲ. ನನಗೆ ಚಹಾ ಮಾಡಿಸಬೇಕೆಂದು ಅಡುಗೆಮನೆಯ ಕಡೆ ತಿರುಗಿ ಬಾಯಿ ತೆರೆದಳು, ತೆರೆದ ಬಾಯಿ ಹಾಗೇ ನಿಂತಿತು. ಆಮೇಲೆ ಪಕ್ಕದಲ್ಲಿದ್ದ ಬಟ್ಟಲನ್ನು ಎತ್ತಿ ನೆಲಕ್ಕೆ ಎರಡು ಸಲ ಕುಟ್ಟಿದಳು. ಹಿಂದೆ ಕಡಲೆಕಾಳು ಹಾಕುತ್ತಿದ್ದ ಅದೇ ಬಟ್ಟಲು.

ಒಳಗಿಂದ "ಓ" ಎಂದು ದನಿ ಬಂತು.