ನಾಯಕನ ತಲೆಯ ಮೇಲೆ ಹಾರಿದವರು

ನಮ್ಮ ರಾಮನಗರದಲ್ಲಿ ಐವತ್ತು ದಾಟಿದವರೆಲ್ಲ ಒಂದಲ್ಲ ಒಂದು ಸಿನಿಮಾದಲ್ಲಿದ್ದಾರೆ. ಸುಮ್ಮನೆ ಹೇಳುತ್ತಿಲ್ಲ. ಬೇಕಾದರೆ ಯಾವುದಾದರೂ ಟೀ ಅಂಗಡಿಯ ಮುಂದೆ ನಿಂತು, ಬಂಡೆಗಳ ಕಡೆ ಕೈ ತೋರಿಸಿ, ಇಲ್ಲೇ ಅಲ್ಲವೇ ಶೂಟಿಂಗ್ ನಡೆದಿದ್ದು ಎಂದು ಕೇಳಿ ನೋಡಿ. ಒಬ್ಬರು ಗುಂಪಿನಲ್ಲಿ ಎಡಗಡೆಯಿಂದ ಏಳನೆಯವರು. ಇನ್ನೊಬ್ಬರ ಪೂರ್ತಿ ದೇಹ ಕತ್ತರಿಗೆ ಸಿಕ್ಕಿ ಮೊಣಕೈ ಮಾತ್ರ ಉಳಿದಿದೆ. ಮತ್ತೊಬ್ಬರು ತಾವು ಇಲ್ಲ, ಆದರೆ ನಾಯಕಿ ಕುಡಿದ ಎಳನೀರು ಅವರ ತೋಟದ್ದು. ಈ ಲೆಕ್ಕದಲ್ಲಿ ನನ್ನ ಪಾಲಿನದು ಒಂದು ಸತ್ತ ಎತ್ತು. ಅದೂ ತೆರೆಯ ಮೇಲೆ ಕಾಣುವುದಿಲ್ಲ. ಬಹಳ ವರ್ಷ ನಾನು ಇದನ್ನು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗಿದೆ. ಈಗ ಆ ಹೆಮ್ಮೆ ಉಳಿದಿಲ್ಲ, ಆದರೂ ನಿಮ್ಮಲ್ಲಿ ಹೇಳಿಬಿಡುತ್ತೇನೆ.

ನಾನು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು. ಕುದೂರು, ಮಾಗಡಿ, ಕನಕಪುರ ಎಂದು ಸುತ್ತಿ ಕೊನೆಗೆ ರಾಮನಗರಕ್ಕೆ ಬಂದು ನೆಲೆಯೂರಿದೆ. ಡಾಕ್ಟರಿಗೆ ಜೀಪು, ನನಗೆ ಸೈಕಲ್. ಜೀಪು ಆಗಾಗ ಕೆಡುತ್ತಿದ್ದುದರಿಂದ ಹಳ್ಳಿಯವರಿಗೆ ನಾನೇ ಡಾಕ್ಟರು. ಬಿಡುವು ಸಿಕ್ಕರೆ ಸಿನಿಮಾ. ಜೊತೆಗೆ ಬಷೀರ್ ಇರುತ್ತಿದ್ದ. ಅವನದು ರೇಷ್ಮೆ ನೂಲು ಬಿಚ್ಚುವ ಮನೆತನ. ದಿನವಿಡೀ ಕುದಿನೀರಿನಲ್ಲಿ ಗೂಡು ಕದಡಿ ಬೆರಳ ತುದಿಗಳೆಲ್ಲ ಬೆಳ್ಳಗೆ ನೆರಿಗೆಗಟ್ಟಿರುತ್ತಿದ್ದವು. ನಾವಿಬ್ಬರೂ ಟಾಕೀಸಿಗೆ ಹೋದರೆ ಅಕ್ಕಪಕ್ಕದವರು ಜಾಗ ಬಿಟ್ಟು ಕೂರುತ್ತಿದ್ದರು. ಅವನ ಮೈಯಿಂದ ಗೂಡಿನ ವಾಸನೆ, ನನ್ನ ಮೈಯಿಂದ ಫಿನಾಯಿಲ್. ಇದರಿಂದ ಕೈಕಾಲು ಚಾಚಿ ಕೂರಲು ಅನುಕೂಲವೇ ಆಗುತ್ತಿತ್ತು.

ಸಿನಿಮಾ ನೋಡಿ ನೋಡಿ ನನಗೆ ಕಾಡಿನಲ್ಲೂ ತಾರೆಯರು ಕಾಣತೊಡಗಿದ್ದರು. ಹುಲಿಯೇ ನಾಯಕ. ಎಲ್ಲೋ ಒಂದು ಗಳಿಗೆ ಮುಖ ತೋರಿಸುತ್ತದೆ, ಅಷ್ಟಕ್ಕೇ ಜನ ಧನ್ಯರಾಗುತ್ತಾರೆ. ಆನೆಗೆ ಭಾವುಕ ಪಾತ್ರ. ಕನಕಪುರದ ಕಡೆ ರಾಗಿ ಹೊಲಕ್ಕೆ ನುಗ್ಗಿ ಸಿಟ್ಟು ಬರಿಸಿದರೂ ಮರಿ ಜೊತೆಗಿದ್ದರೆ ನೋಡಿದವರ ಕಣ್ಣು ಒದ್ದೆಯಾಗುತ್ತದೆ. ನಮ್ಮ ಬೆಟ್ಟದ ಕರಡಿ ಹಾಸ್ಯನಟ, ಎದುರಿಗೆ ಬರದಿದ್ದರೆ ಮಾತ್ರ. ರಣಹದ್ದಿಗೆ ಮಾತ್ರ ಯಾವ ಕಾಲಕ್ಕೂ ಒಳ್ಳೆಯ ಪಾತ್ರ ಸಿಕ್ಕಿಲ್ಲ. ಯಾರೋ ಸಾಯುವುದಕ್ಕೆ ಮುಂಚೆ ಅದನ್ನು ಒಣಮರದ ಮೇಲೆ ಕೂರಿಸಿ ಕೆಟ್ಟ ಸಂಗೀತ ಬಾರಿಸುತ್ತಾರೆ. ನಿಜವಾಗಿ ನೋಡಿದರೆ ಆ ಹಕ್ಕಿ ಯಾರನ್ನೂ ಕೊಲ್ಲುವುದಿಲ್ಲ. ನಾವು ಮೂಗು ಮುಚ್ಚಿಕೊಂಡು ದಾಟಿಹೋಗುವುದನ್ನು ತಿಂದು ಊರು ಚೊಕ್ಕಟ ಮಾಡುತ್ತದೆ. ತಲೆ ಬೋಳಾಗಿರುವುದೂ ಅದಕ್ಕೇ. ಹೊಲಸಿನೊಳಗೆ ತಲೆ ಹಾಕುವ ಕೆಲಸದವರಿಗೆ ಪುಕ್ಕದ ಶೃಂಗಾರ ಕಟ್ಟಿಕೊಂಡು ಏನಾಗಬೇಕು? ಚನ್ನಪಟ್ಟಣದ ಬೊಂಬೆಯವರು ಆನೆ, ಗಿಣಿ, ನವಿಲು ಎಲ್ಲವನ್ನೂ ಕಡೆದು ಅರಗಿನ ಬಣ್ಣ ಹಾಕುತ್ತಾರೆ. ರಣಹದ್ದಿನ ಬೊಂಬೆಯನ್ನು ನಾನಂತೂ ನೋಡಿಲ್ಲ, ಯಾವ ಮಗುವೂ ಅದನ್ನು ಕೇಳಿದ ಹಾಗಿಲ್ಲ.

ಆಗ ಬೆಟ್ಟದ ಬಂಡೆ ಚಾಚುಗಳಲ್ಲಿ ರಣಹದ್ದುಗಳು ಬೇಕಾದಷ್ಟಿದ್ದವು. ಬಿಸಿಲೇರಿದ ಮೇಲೆ ಒಂದೊಂದಾಗಿ ರೆಕ್ಕೆ ಬಿಚ್ಚಿ ಏಳುತ್ತಿದ್ದವು. ಸುತ್ತಿನ ಹಳ್ಳಿಯವರು ಸತ್ತ ದನವನ್ನು ಬೆಟ್ಟದ ಬುಡಕ್ಕೆ ತಂದು ಬಿಡುತ್ತಿದ್ದರು. ಮಧ್ಯಾಹ್ನದೊಳಗೆ ಎಲುಬು ಮಾತ್ರ ಉಳಿಯುತ್ತಿತ್ತು. ಈ ಏರ್ಪಾಡು ಎಷ್ಟು ಸಹಜವಾಗಿತ್ತೆಂದರೆ ಅದರ ಬಗ್ಗೆ ಯಾರೂ ಯೋಚಿಸಿದವರಿರಲಿಲ್ಲ.

ಆ ದಿನಗಳಲ್ಲೇ ನಮ್ಮ ಆಸ್ಪತ್ರೆಗೆ ನೋವು ಇಳಿಸುವ ಹೊಸದೊಂದು ಇಂಜೆಕ್ಷನ್ ಬಂತು. ಕೀಲು ಊದಿ ಬಿದ್ದ ಎತ್ತಿಗೆ ಚುಚ್ಚಿದರೆ ಅರ್ಧ ಗಂಟೆಯಲ್ಲಿ ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕುತ್ತಿತ್ತು. ಔಷಧಿಯ ಹೆಸರು ಯಾರಿಗೆ ಬೇಕು? ಎಲ್ಲರೂ ನನ್ನ ಕೈಗುಣ ಎಂದರು. ಹಳ್ಳಿಗೆ ಸೈಕಲ್ ಹೊಕ್ಕರೆ ಮಜ್ಜಿಗೆ ಬರುತ್ತಿತ್ತು, ಜಗಲಿಯ ಮೇಲೆ ಚಾಪೆ ಬೀಳುತ್ತಿತ್ತು. ತೆರೆಯ ಮೇಲೆ ಬರದೆಯೂ ತಾರೆಯಾಗುವುದು ಹೇಗೆಂದು ನಾನು ಆ ಸೀಸೆಯಿಂದ ಕಲಿತೆ. ಬೇಕಾದ ಕಡೆ ಚುಚ್ಚಿದೆ, ಬೇಡದ ಕಡೆಯೂ ಚುಚ್ಚಿದೆ. ಉಳಿಯುವುದಿಲ್ಲವೆಂದು ಗೊತ್ತಾದ ದನಕ್ಕೂ, ನರಳದೆ ಹೋಗಲಿ ಎಂದು ಚುಚ್ಚುತ್ತಿದ್ದೆ. ಮನೆಯವರೇ ಹಾಗೆ ಕೇಳುತ್ತಿದ್ದರು. ತಮಗಾಗಿ ದುಡಿದ ಜೀವ ಕಣ್ಣೆದುರು ಒದ್ದಾಡುವುದನ್ನು ನೋಡಲು ಅವರಿಂದ ಆಗುತ್ತಿರಲಿಲ್ಲ.

ಹಾಗೆ ಕೇಳಿದವರಲ್ಲಿ ಚಿಕ್ಕತಾಯಮ್ಮ ಒಬ್ಬರು. ಬೆಟ್ಟದ ತಪ್ಪಲಲ್ಲೇ ಅವರ ಮನೆ. ಗಂಡ ತೀರಿಕೊಂಡ ಮೇಲೆ ಮಗನನ್ನು ಸಾಕಿಕೊಂಡು ಹಿಪ್ಪುನೇರಳೆ ತೋಟವನ್ನು ಒಬ್ಬರೇ ನೋಡಿಕೊಂಡವರು. ಅವರ ಎತ್ತಿನ ಹೆಸರು ಕರಿಯ. ಗಂಡ ಇದ್ದಾಗಿನ ಎತ್ತು, ವಯಸ್ಸಾಗಿ ನೆಲ ಹಿಡಿಯಿತು. ನಾಲ್ಕು ದಿನ ಹೋಗಿ ಚುಚ್ಚಿ ಬಂದೆ. ಕೊನೆಯ ಬೆಳಿಗ್ಗೆ ಅದರ ಕಣ್ಣು ನೋಡಿ ಇನ್ನು ಆಗುವುದಿಲ್ಲ ಎಂದೆ. ಆಕೆ ಅಳಲಿಲ್ಲ. ಕೊರಳಿನ ಹಗ್ಗ ಬಿಚ್ಚಿ, ಹಣೆಗೆ ಅರಿಶಿನ ಕುಂಕುಮ ಇಟ್ಟು, "ನೋಯ್ದಂಗೆ ಓಗ್ಲಿ ಕಾಂಪೌಂಡ್ರಪ್ಪ, ಇನ್ನೊಂದು ಸೂಜಿ ಆಕ್ಬುಡು" ಎಂದರು. ಹಾಕಿದೆ. ಕರಿಯ ನಿಜಕ್ಕೂ ನೋಯದೆ ಹೋಯಿತು.

ಅದೇ ವಾರ ಬೆಟ್ಟದಲ್ಲಿ ಶೂಟಿಂಗ್ ನಡೆಯುತ್ತಿತ್ತು. ದೊಡ್ಡ ನಾಯಕ, ಹೆಸರು ಬೇಡ. ಬಿಡುವಿನಲ್ಲಿ ಆತ ಛತ್ರಿಯ ಕೆಳಗೆ ಕೂತು ವಿಗ್ ತೆಗೆದು ತಲೆಗೆ ಗಾಳಿ ಹಾಕಿಕೊಳ್ಳುತ್ತಿದ್ದುದನ್ನು ನಾನೂ ಬಷೀರನೂ ಬಂಡೆಯ ಮರೆಯಿಂದ ಕಂಡಿದ್ದೆವು. ಬಷೀರ್ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆ ಚಿತ್ರದ ನಿರ್ದೇಶಕರಿಗೆ ಒಂದು ದೃಶ್ಯ ಬೇಕಿತ್ತು: ಗಾಯಗೊಂಡ ನಾಯಕ ಬಂಡೆಯ ನೆತ್ತಿಯಲ್ಲಿ ಎದ್ದು ನಿಲ್ಲಬೇಕು, ಅವನ ತಲೆಯ ಮೇಲೆ ರಣಹದ್ದುಗಳು ಸುತ್ತಬೇಕು. ಮೂರು ದಿನ ಕಾದರೂ ಹಕ್ಕಿಗಳು ಎಲ್ಲೋ ದೂರದಲ್ಲಿ ಹಾರಿದವೇ ಹೊರತು ಹತ್ತಿರ ಸುಳಿಯಲಿಲ್ಲ. ಕರಿಯ ಸತ್ತ ಬೆಳಿಗ್ಗೆಯೇ ನಾನು ಮುಂದೆ ಹೋಗಿ, ಅವು ಬರಬೇಕಾದರೆ ಏನು ಮಾಡಬೇಕೆಂದು ನನಗೆ ಗೊತ್ತು ಎಂದೆ. ಅಷ್ಟು ಜನರ ನಡುವೆ ನನ್ನ ಮಾತು ನಡೆಯಿತು ನೋಡಿ, ಆ ಸುಖ ಈಗಲೂ ನೆನಪಿದೆ.

ಚಿಕ್ಕತಾಯಮ್ಮನನ್ನು ಕೇಳಿದೆ. ಹೇಗೂ ಬೆಟ್ಟದ ಬುಡಕ್ಕೇ ಹೋಗಬೇಕಾದ ಎತ್ತು. ಅದನ್ನು ಬಂಡೆಯ ಈಚೆ ಬದಿಗೆ ಹಾಕಿದರೆ ಸಾಕು ಎಂದೆ. ಆಕೆ ಒಪ್ಪಿದರು. ಆ ಹಕ್ಕಿಗಳ ಹೊಟ್ಟೆ ಸೇರಿದ ದನ ನೇರವಾಗಿ ಮೇಲಕ್ಕೆ ಹೋಗುತ್ತದೆಂದು ಅವರ ಗಂಡ ಹೇಳುತ್ತಿದ್ದರಂತೆ. ಸಿನಿಮಾದವರ ಟ್ರ್ಯಾಕ್ಟರಿನಲ್ಲೇ ಕರಿಯನ ಸವಾರಿ ಹೋಯಿತು. ಬಿಸಿಲೇರುವ ಹೊತ್ತಿಗೆ ಹಕ್ಕಿಗಳು ಬಂದವು. ಎಲ್ಲಿದ್ದವೋ ಅಷ್ಟೊಂದು! ಸಾವನದುರ್ಗದ ಕಡೆಯಿಂದಲೂ ಬಂದಿರಬೇಕು. ಆಕಾಶದಲ್ಲಿ ಸುತ್ತಿ ಸುತ್ತಿ ಇಳಿದವು, ಕಿತ್ತಾಡಿದವು, ಉಂಡವು, ಮತ್ತೆ ಎದ್ದವು. ನಾಯಕ ಬಂಡೆಯ ಮೇಲೆ ಎದ್ದು ನಿಂತ. ಒಂದೇ ಸಲಕ್ಕೆ ದೃಶ್ಯ ಮುಗಿಯಿತು. ಆತ ಇಳಿದು ಬಂದು ನನ್ನ ಕೈ ಕುಲುಕಿದ. ಬಷೀರ್ ಆ ಕೈಯನ್ನು ಮುಟ್ಟಿ ನೋಡಿದ.

ಎರಡು ಮೂರು ದಿನದ ಮೇಲೆ ಅದೇ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುವಾಗ ಬಂಡೆಯ ಚಾಚಿನಲ್ಲಿ ಐದಾರು ಹಕ್ಕಿಗಳು ಕುತ್ತಿಗೆ ಜೋಲು ಬಿಟ್ಟು ಕೂತಿದ್ದವು. ಕಲ್ಲೆಸೆದರೂ ಅಲುಗಲಿಲ್ಲ. ಭಾರಿ ಊಟ ಹೊಡೆದು ತೂಕಡಿಸುತ್ತಿವೆ ಎಂದುಕೊಂಡು ನಕ್ಕೆ. ಆ ನಗುವಿಗೆ ಈಗ ನಾನು ಏನು ಮಾಡಲಿ ಹೇಳಿ.

ಚಿತ್ರ ಬಿಡುಗಡೆಯಾಗಿ ಚೆನ್ನಾಗಿ ಓಡಿತು. ಜನ ಆ ದೃಶ್ಯಕ್ಕೆ ಶಿಳ್ಳೆ ಹಾಕಿದರು. ಸೋತವನೂ ಎದ್ದು ನಿಲ್ಲಬೇಕೆಂಬ ಸ್ಫೂರ್ತಿ ಅದರಲ್ಲಿದೆಯೆಂದು ನಮ್ಮೂರ ಮೇಷ್ಟರೊಬ್ಬರು ಶಾಲೆಯಲ್ಲಿ ಭಾಷಣವನ್ನೇ ಮಾಡಿದರು. ಬೆಟ್ಟದಲ್ಲಿ ಮಾತ್ರ ಹಕ್ಕಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಸತ್ತ ದನ ವಾರಗಟ್ಟಲೆ ನಾರತೊಡಗಿತು, ನಾಯಿಗಳು ಹೆಚ್ಚಿದವು. ಬಿಡದಿಯ ಕಾರ್ಖಾನೆಗಳ ಹೊಗೆ ಎಂದರು ಕೆಲವರು, ಕ್ವಾರಿಯ ಸಿಡಿಮದ್ದು ಎಂದರು ಇನ್ನು ಕೆಲವರು. ನಾನೂ ತಲೆಯಾಡಿಸಿದೆ.

ನಾನು ನಿವೃತ್ತನಾದ ಮೇಲೆ ಒಂದು ಭಾನುವಾರ ಊರಿನ ಸಭಾಂಗಣದಲ್ಲಿ ವನ್ಯಜೀವಿಗಳ ಬಗ್ಗೆ ಒಂದು ಸಣ್ಣ ಚಿತ್ರ ತೋರಿಸಿದರು. ಪುಕ್ಕಟೆ ಸಿನಿಮಾ ಎಂದು ನಾನೂ ಬಷೀರನೂ ಹೋಗಿ ಕೂತೆವು. ನಾಯಕನಿಲ್ಲ, ಹಾಡಿಲ್ಲ. ಇದರಲ್ಲಿ ಫೈಟೇ ಇಲ್ಲವಲ್ಲ ಎಂದು ಬಷೀರ್ ಗೊಣಗುತ್ತಿದ್ದ. ಆಗ ತೆರೆಯ ಮೇಲೆ ಒಂದು ರಣಹದ್ದು ಕುತ್ತಿಗೆ ಜೋಲು ಬಿಟ್ಟು ಕೂತಿತು. ಅದು ತೂಕಡಿಕೆಯಲ್ಲ, ಸಾವು ಎಂದಿತು ಹಿನ್ನೆಲೆಯ ದನಿ. ದನಗಳಿಗೆ ಕೊಡುವ ನೋವಿನ ಔಷಧಿ ಹೆಣದಲ್ಲಿ ಉಳಿದು, ತಿಂದ ಹಕ್ಕಿಯ ಮೂತ್ರಪಿಂಡ ಕೆಡಿಸುತ್ತದೆ ಎಂದಿತು. ಔಷಧಿಯ ಹೆಸರನ್ನೂ ಹೇಳಿತು. ದನಗಳಿಗೆ ಅದನ್ನು ಕೊಡಬಾರದೆಂದು ಸರ್ಕಾರ ನಿಷೇಧಿಸಿದೆಯೆಂದೂ ಹೇಳಿತು. ಆ ಹೆಸರು ನನ್ನ ಬಾಯಲ್ಲಿ ಎಷ್ಟು ವರ್ಷ ಆಡಿತ್ತೋ. ಕುದೂರು, ಮಾಗಡಿ, ಕನಕಪುರ, ನನ್ನ ಸೈಕಲ್ ತುಳಿದ ಒಂದೊಂದು ಕೊಟ್ಟಿಗೆಯೂ ಕಣ್ಣೆದುರು ಬಂತು. ಎಲ್ಲಕ್ಕಿಂತ ಮುಂದೆ ಕರಿಯ ಬಂತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಬಷೀರ್ ತನ್ನ ನೆರಿಗೆಗಟ್ಟಿದ ಬೆರಳುಗಳನ್ನು ನೋಡಿಕೊಂಡ. ಆಮೇಲೆ ಹೇಳಿದ, "ನಾನು ದಿನಾ ಬಿಸ್ನೀರಿಗೆ ಸಾವ್ರಾರು ಹುಳಿನ ಜೀವ ಆಕ್ತೀನಿ, ಗೊತ್ತಿದ್ದೇ ಆಕ್ತೀನಿ. ನಿಂದು ಗೊತ್ತಿಲ್ದೆ ಆಗಿದ್ದು ಕಣ್ಲಾ." ಗೆಳೆಯ ಸಮಾಧಾನಕ್ಕೆಂದು ಹೇಳಿದ ಮಾತು, ನನಗೆ ತಾಗಲಿಲ್ಲ. ಯಾವ ಸಿನಿಮಾ ನಿಮ್ಮ ಬದುಕನ್ನು ಬದಲಿಸಿತು ಎಂದು ಯಾರಾದರೂ ಕೇಳಿದರೆ ನಾನು ಈ ಅರ್ಧ ಗಂಟೆಯ ಸಿನಿಮಾದ ಹೆಸರು ಹೇಳಬೇಕು. ನಾಚಿಕೆಯ ವಿಷಯವೆಂದರೆ ಅದರ ಹೆಸರೇ ನನಗೆ ನೆನಪಿಲ್ಲ.

ಚಿಕ್ಕತಾಯಮ್ಮನಿಗೆ ಹೇಳಬೇಕು ಎಂದುಕೊಂಡೆ. ಆದರೆ ಬಾಯಿ ಬರಲಿಲ್ಲ. ಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ಹಕ್ಕಿಗಳನ್ನು ನೋಡಲು ಶಾಲೆಯ ಮಕ್ಕಳು ಬರುತ್ತಾರೆ. ಅವರನ್ನೆಲ್ಲ ಜಗಲಿಯ ಮೇಲೆ ಕೂರಿಸಿಕೊಂಡು ಆಕೆ ಕರಿಯನ ಕಥೆ ಹೇಳುತ್ತಿದ್ದರು: ಹೇಗೆ ತಮ್ಮ ಎತ್ತು ಒಂದು ಆಕಾಶದಷ್ಟು ಹಕ್ಕಿಗಳಿಗೆ ಊಟವಾಯಿತು, ಹೇಗೆ ಅದು ಅವುಗಳ ರೆಕ್ಕೆ ಏರಿ ಮೇಲೆ ಹೋಯಿತು. ನಾನು ಕಂಡರೆ, ಇವರೇ ಮಕ್ಕಳೇ ಆ ಕಾಂಪೌಂಡ್ರಪ್ಪ ಎಂದು ತೋರಿಸುತ್ತಿದ್ದರು. ಎಂಬತ್ತರ ಹತ್ತಿರದ ಹೆಂಗಸು. ಗಂಡ ಹೋದ ಮೇಲೆ ಆಕೆಗಿದ್ದ ದೊಡ್ಡ ತೃಪ್ತಿ ಅದೊಂದೇ. ಅದನ್ನು ಕಿತ್ತುಕೊಳ್ಳಲು ನಾನು ಯಾರು ಎಂದು ನನಗೆ ನಾನೇ ಹೇಳಿಕೊಂಡೆ. ಇದು ಕರುಣೆಯಲ್ಲ, ಹೆದರಿಕೆ ಎಂದು ನನಗೆ ಗೊತ್ತಿತ್ತು. ಹೀಗೆ ಎರಡು ವರ್ಷ ಕಳೆದವು.

ಹೋದ ಮಾರ್ಲಮಿ ಹಬ್ಬಕ್ಕೆ, ಮನೆಯ ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಯ ದಿನ, ಊಟಕ್ಕೆ ಕರೆದಿದ್ದರು. ನಾನು ಹೋದಾಗ ಒಲೆಯ ಮುಂದೆ ಕೂತು ಮಾಂಸ ಹೆಚ್ಚುತ್ತಿದ್ದರು. ಮಗ, ಸೊಸೆ ಬಾಳೆಲೆ ತೊಳೆಯುತ್ತಿದ್ದರು. ಅತ್ತೆ ಮಾವಂದಿರಿಗೆ ಒಂದು ಎಲೆ, ಗಂಡನಿಗೆ ಒಂದು, ಪಕ್ಕದಲ್ಲಿ ಅವರ ಬೀಡಿ ಕಟ್ಟು. ಆಕೆ ಕತ್ತಿಯಿಂದ ಕಣ್ಣೆತ್ತದೆ ಕೇಳಿದರು, "ಈ ವರ್ಸ ಒಂದ್ ರಣದ್ದೂ ನನ್ ಕಣ್ಗೆ ಬೀಳ್ನಿಲ್ಲ. ನಿಂಗೆ ಪ್ರಾಣಿ ಇಚಾರ ಗೊತ್ತಲ್ಲ ಕಾಂಪೌಂಡ್ರಪ್ಪ, ಯಾಕಪ್ಪ ಇಂಗಾಯ್ತು?"

ಬೇರೆ ಯಾರು ಕೇಳಿದ್ದರೂ ಕಾರ್ಖಾನೆ, ಕ್ವಾರಿ ಎಂದುಬಿಡುತ್ತಿದ್ದೆ. ಆಕೆ ನೇರವಾಗಿ ನನ್ನನ್ನೇ ಕೇಳಿದ್ದರು. ಎಲ್ಲ ಹೇಳಿದೆ. ಸೂಜಿಯ ವಿಷಯ, ಹೆಣದಲ್ಲಿ ಉಳಿಯುವ ವಿಷ, ಕುತ್ತಿಗೆ ಜೋಲು ಬಿಟ್ಟಿದ್ದ ಹಕ್ಕಿಗಳು, ನನ್ನ ನಗು. ಮಗ ಎಲೆ ಕೈಯಲ್ಲಿ ಹಿಡಿದು ನಿಂತುಬಿಟ್ಟ. ಆಕೆ ಕತ್ತಿ ಕೆಳಗಿಟ್ಟರು.

"ಎಷ್ಟ್ ದಿನದಿಂದ ಗೊತ್ತು ನಿಂಗೆ?"

ಎರಡು ವರ್ಷ ಎಂದೆ.

"ಎಲ್ಡ್ ವರ್ಸ ನನ್ ಕೈಲಿ ಇಸ್ಕೂಲ್ ಮಕ್ಳಿಗೆ ಸುಳ್ಳೇಳ್ಸಿದ್ದೀಯಲ್ಲಪ್ಪ."

ಅಷ್ಟೇ. ನಾನು ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಕಂಬಕ್ಕೆ ಒರಗಿದ್ದೆ. ಆಕೆ ಸೊಸೆಗೆ ಇನ್ನೊಂದು ಎಲೆ ತೊಳೆಯಲು ಹೇಳಿದರು. ಯಾರಿಗೆಂದು ಸೊಸೆ ಕೇಳಿದಳು. ನಮ್ಮ ಮನೆಯದನ್ನು ಉಂಡು ಸತ್ತವರು ನಮ್ಮವರೇ ಅಲ್ಲವೇ, ಇಷ್ಟು ವರ್ಷ ಅವರಿಗೆ ಎಡೆಯೇ ಇಟ್ಟಿಲ್ಲ ಎಂದರು. ಮಸಾಲೆ ತಾಗದ ಹಸಿ ಮಾಂಸದ ಒಂದು ದೊಡ್ಡ ತುಂಡನ್ನು ಬೇರೆ ತೆಗೆದರು. ಅದನ್ನು ಎಲೆಯ ಮೇಲಿಡುತ್ತ ನನ್ನನ್ನು ನೋಡಿ, "ಮನೇಲೇ ಬೆಳೆದ ಮರಿ ಇದು. ಇದ್ಕೆ ಯಾವ ಸೂಜಿನೂ ಆಕಿಲ್ಲ" ಎಂದರು. ಒಂದೇ ಎಲೆ ಸಾಕೇ ಎಂದು ಮಗ ಕೇಳಿದ. ಅವು ಅವತ್ತು ಒಂದರಲ್ಲೇ ಕಿತ್ತಾಡಿಕೊಂಡು ತಿಂದವಲ್ಲ, ಇವತ್ತೂ ಹಾಗೇ ತಿನ್ನಲಿ ಎಂದರು.

ಧೂಪ ಹಾಕಿ, ಎಲ್ಲರೂ ನಮಸ್ಕರಿಸಿ ಹೊರಗೆ ಬಂದೆವು. ಬಾಗಿಲು ಮುಚ್ಚಿದರು. ಹಿರಿಯರು ಉಣ್ಣುವಷ್ಟು ಹೊತ್ತು ಯಾರೂ ಒಳಗಿರಬಾರದು, ಇಣುಕಬಾರದು. ಜಗಲಿಯ ಮೇಲೆ ಕೂತೆವು. ನನ್ನನ್ನು ಇನ್ನು ಈ ಮನೆಗೆ ಕರೆಯುತ್ತಾರೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಹೊತ್ತಾಯಿತೆಂದು ಕಂಡಾಗ ಮಗ ಬಾಗಿಲ ಕಡೆ ಹೊರಟ. ಆಕೆ ಅವನನ್ನು ತಡೆದು ನನ್ನ ಕಡೆ ಸನ್ನೆ ಮಾಡಿದರು.

"ನೀನ್ ತೆಗಿ ಕಾಂಪೌಂಡ್ರಪ್ಪ. ಒಸಿ ನಿಧಾನ್ಕೆ ತೆಗಿ, ಗಾಬ್ರಿ ಬಿದ್ದು ರೆಕ್ಕೆ ಬಡ್ದು ಆರೋದಾವು."

ನಾನು ಹೊಸಿಲ ಹೊರಗೆ ನಿಂತು, ಒಳಗಿನವರಿಗೆ ಕೇಳಲೆಂದು ಎರಡು ಸಲ ಕೆಮ್ಮಿ, ಸದ್ದಾಗದಂತೆ ಬಾಗಿಲು ತೆಗೆದೆ.